ನಮ್ಮ ಕಣದಲ್ಲಿ ಫಟಫಟಿ ತಿರುಗಿದ ಸೋಮವಾರ

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಅದರ ಮರುವರ್ಷ, ಅಂದರೆ 1957ನೆಯ ಇಸವಿಯ ಸುಗ್ಗಿ ಮುಗಿದ ಹೊತ್ತು. ಬಿಳಿಜೋಳದ ರಾಶಿ ಮುಗಿಸಿ, ಕಾಳನ್ನು ನೆಲದೊಳಗಿನ ಹಗೇವಿಗೆ ಹಾಕಿ, ಕೈ ತೊಳೆದುಕೊಂಡು ಕೂತಿದ್ದೆವು.

ನಾನು ರೋಣ ತಾಲೂಕಿನ ಸವಡಿಯವನು. ಕನ್ನಡ ಸಾಲಿಯಲ್ಲಿ ಎರಡನೆಯ ಇಯತ್ತೆ ಮುಗಿಯುವುದರೊಳಗೆ ಅಪ್ಪ ನನ್ನನ್ನು ಎತ್ತುಗಳ ಹಿಂದೆ ಕಳಿಸಿದ. ಆದ್ದರಿಂದ ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೆ ಈ ಸಂಗತಿಯನ್ನು ಬರೆಯದೆ ನನಗೆ ಇರಲಿಕ್ಕೆ ಆಗುತ್ತಿಲ್ಲ. ಸಂತೆಗೆ ಹೋದರೆ ಸಂತೆಯಲ್ಲಿ, ಬಾವಿಗೆ ಹೋದರೆ ಬಾವಿಯಲ್ಲಿ ಹೇಳಿ ಹೇಳಿ, ಈಗ ಊರಿನ ಜನ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ನನಗೆ ಹೊಸ ಕಿವಿಗಳು ಬೇಕಾಗಿವೆ.

ಗಿರಿಜಾ ನನ್ನ ಮಗಳ ಮಗಳು. ಸಣ್ಣವಳಿದ್ದಾಗಲೇ ತಂದೆ ತೀರಿಕೊಂಡದ್ದರಿಂದ ನಮ್ಮ ಮನೆಯಲ್ಲೇ ಬೆಳೆದಳು. ಗಂಡುಮಕ್ಕಳಿಗೆ ಕಲಿಸಿದ ಹಾಗೆ ಅವಳಿಗೂ ಚಕ್ಕಡಿ ಹೊಡೆಯುವುದನ್ನು ಕಲಿಸಿದೆ. ಎರಡೂ ಕೈಯಲ್ಲಿ ಹಗ್ಗ ಹಿಡಿದು ಚಕ್ಕಡಿಯ ಮೂಕಿಯ ಮೇಲೆ ಕೂತಳೆಂದರೆ ಎತ್ತುಗಳು ಅವಳ ಮಾತು ಕೇಳುತ್ತಿದ್ದವು. ಓದಿನಲ್ಲೂ ಚುರುಕಿದ್ದಳು. ಹುಬ್ಬಳ್ಳಿಗೆ ಹೋಗಿ ಹೆರಿಗೆ ಮಾಡಿಸುವ ನರ್ಸಿನ ಕೆಲಸ ಕಲಿತು ಬಂದು, ಗಜೇಂದ್ರಗಡದಲ್ಲಿ ಒಬ್ಬ ವ್ಯಾಪಾರಿ ಧರ್ಮಾರ್ಥ ನಡೆಸುತ್ತಿದ್ದ ಸಣ್ಣ ದವಾಖಾನೆಗೆ ಸೇರಿದಳು.

ಆ ಸುಗ್ಗಿಯ ಹಿಂದಿನ ಮಳೆಗಾಲದಲ್ಲಿ ಪುರ್ತಗೇರಿಯಿಂದ ಅವಳಿಗೆ ಕರೆ ಬಂತು. ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿದೆ ಎಂದು. ಚಕ್ಕಡಿ ಹತ್ತಿ ಹೊರಟಳು. ನಮ್ಮ ಎರೆಭೂಮಿ ನಿಮಗೆ ಗೊತ್ತಿರಬಹುದು, ಮಳೆ ಬಿದ್ದರೆ ಗಾಲಿಯನ್ನು ಬಿಡುವುದಿಲ್ಲ. ಅರ್ಧ ದಾರಿಯಲ್ಲಿ ಚಕ್ಕಡಿ ಅಚ್ಚಿನವರೆಗೆ ಹೂತುಹೋಯಿತು. ಚೀಲ ತಲೆಯ ಮೇಲಿಟ್ಟುಕೊಂಡು ನಡೆದಳು. ಅವಳು ಮುಟ್ಟುವ ಹೊತ್ತಿಗೆ ಕೂಸು ಹೋಗಿತ್ತು, ಸ್ವಲ್ಪ ಹೊತ್ತಿಗೆ ತಾಯಿಯೂ ಅವಳ ಕೈಯಲ್ಲೇ ಹೋದಳು. ಆಮೇಲೆ ಗಿರಿಜಾ ಊರಿಗೆ ಬಂದಾಗ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನನ್ನ ಹೆಂಡತಿ ಗೌರವ್ವ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಕೇಳಿದ್ದಕ್ಕೆ ಒಂದೇ ಮಾತು ಹೇಳಿದಳಂತೆ. "ಒಂದ್ ತಾಸು ಮೊದಲ ಹೋಗಿದ್ರ ಇಬ್ಬರೂ ಉಳೀತಿದ್ರು, ಅಮ್ಮಾ."

ಆ ವ್ಯಾಪಾರಿಗೂ ಸುದ್ದಿ ಮುಟ್ಟಿರಬೇಕು. ಮಿಲಿಟರಿಯವರ ಹರಾಜಿನಲ್ಲಿ ಒಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಕೊಂಡು ದವಾಖಾನೆಗೆ ಕೊಟ್ಟ. ಕೊಟ್ಟನೇನೋ ಸರಿ, ಹತ್ತುವವರು ಯಾರು? ಡಾಕ್ಟರ್ ಸಾಹೇಬರು ದಪ್ಪ ಮೈಯವರು, ಅದರ ಹತ್ತಿರ ಹೋಗಲಿಲ್ಲ. ಕಂಪೌಂಡರು ಒಮ್ಮೆ ಬಿದ್ದು ಮೊಳಕಾಲು ಕೆತ್ತಿಸಿಕೊಂಡ ಮೇಲೆ ಕೈಮುಗಿದುಬಿಟ್ಟರು. ಆಗ ಗಿರಿಜಾ, ನಾನು ಕಲಿಯುತ್ತೇನೆ ಅಂದಳು. ಡಾಕ್ಟರು ಮೊದಲು ನಕ್ಕರಂತೆ. ಆದರೂ ಕಂಪೌಂಡರಿಂದ ಕಿಕ್ ಹೊಡೆಯುವುದು, ಗೇರು ಹಾಕುವುದು, ನೆಟ್ಟಗೆ ಹೋಗುವುದು ಇಷ್ಟನ್ನು ಕಲಿತಳು. ನೆಟ್ಟಗೆ ಚೆನ್ನಾಗಿ ಹೋಗುತ್ತಿದ್ದಳು. ತಿರುಗಬೇಕಾದಲ್ಲಿ ಬೀಳುತ್ತಿದ್ದಳು, ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಲ ಎಮ್ಮೆ ಅಡ್ಡ ಬಂದು ಎಮ್ಮೆಗೇ ಹಾಯ್ದಳು. ಎಮ್ಮೆಗೆ ಏನೂ ಆಗಲಿಲ್ಲ, ಇವಳ ಮೊಳಕೈ ಬಾತಿತು.

ಡಾಕ್ಟರು ಅವಳನ್ನು ಕರೆದು ಖಡಾಖಂಡಿತ ಹೇಳಿದರು. "ಒಂದ್ ವಾರ ರಜಾ ಕೊಡ್ತೀನಿ. ಗಾಡಿ ನಿಮ್ಮೂರಿಗೆ ಒಯ್ಯಿ. ಕಲ್ತ್ರ ಅದರ ಮ್ಯಾಲೆ ಕುಂತು ಬಾ. ಇಲ್ಲಂದ್ರ ಚಕ್ಕಡ್ಯಾಗ ಹೇರ್ಕೊಂಡು ಬಾ, ಮಾರಿ ಬಿಡ್ತೀವಿ." ಕಲಿತು ಬಂದರೆ ಲೈಸನ್ಸಿನ ಉಸಾಬರಿ ತಮ್ಮದು ಎಂದೂ ಹೇಳಿದರು.

ನಾನು ನಸುಕಿನಲ್ಲೇ ಚಕ್ಕಡಿ ಹೂಡಿಕೊಂಡು ಗಜೇಂದ್ರಗಡಕ್ಕೆ ಹೋಗಿ, ಆ ಫಟಫಟಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಹಗ್ಗ ಬಿಗಿದು ತಂದೆ. ದಾರಿಯುದ್ದಕ್ಕೂ ನಗೆಪಾಟಲು. ಮಂದಿ ಫಟಫಟಿಯ ಮೇಲೆ ಕೂಡುತ್ತಾರೆ, ಇವರ ಫಟಫಟಿ ಚಕ್ಕಡಿಯಲ್ಲಿ ಕೂತಿದೆ ಎಂದು ರೋಣದ ಪೇಟೆಯಲ್ಲಿ ಒಬ್ಬ ಅಂದ. ಗಿರಿಜಾ ಸೆರಗು ಮುಂದೆ ಎಳೆದುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಕಲಿಸುವವರನ್ನು ಎಲ್ಲಿಂದ ತರಲಿ ಎಂಬುದೇ ನನ್ನ ತಲೆಯಲ್ಲಿ.

ಆಗ ನೆನಪಾದವರು ತುಕಾರಾಮ ಹವಾಲ್ದಾರರು. ನರಗುಂದಕ್ಕೆ ಹತ್ತಿ ಮಾರಲು ಹೋದಾಗ ಅಲ್ಲಿಯ ಹತ್ತಿಕಾಳು ಬಿಡಿಸುವ ಜಿನ್ನಿನಲ್ಲಿ ಅವರನ್ನು ಕಂಡಿದ್ದೆ. ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಫಟಫಟಿಯ ಮೇಲೆ ಪಲ್ಟನ್ನಿನ ಕಾಗದ ಒಯ್ದವರು, ಈಗ ಜಿನ್ನಿನ ಇಂಜಿನ್ನು ನೋಡಿಕೊಂಡಿದ್ದರು. ಒಂದು ಸಲ ಮಳೆ ಹೊಡೆದ ಎರೆಮಣ್ಣಿನ ಮೇಲೆ ಅವರು ಮಾಲಕರ ಫಟಫಟಿ ನಡೆಸಿಕೊಂಡು ಬಂದದ್ದನ್ನು ನೋಡಿ, ಹತ್ತಿಯ ಅಂಡಿಗೆಗಳನ್ನು ಇಳಿಸುತ್ತಿದ್ದ ನಾವೆಲ್ಲ ಕೆಲಸ ಬಿಟ್ಟು ನಿಂತಿದ್ದೆವು. ಹೋಗಿ ಕೇಳಿದೆ. ಹೆಣ್ಣುಮಗಳಿಗೆ ಅಂತ ಹೇಳಲು ಹಿಂದೆಮುಂದೆ ನೋಡಿದೆ. ಅವರು ಎಲ್ಲ ಕೇಳಿಸಿಕೊಂಡು, ಪುರ್ತಗೇರಿಯ ಸಂಗತಿ ಬಂದಾಗ ಬೀಡಿ ಆರಿಸಿದರು. ಸೋಮವಾರ ಜಿನ್ನು ಬಂದ್ ಇರುತ್ತದೆ, ಬರುತ್ತೇನೆ, ಮಧ್ಯಾಹ್ನ ರೊಟ್ಟಿ ಪಲ್ಯ ಹಾಕಿದರೆ ಸಾಕು ಅಂದರು. ಕಲ್ಲು ಮುಳ್ಳು ಇಲ್ಲದ, ಗಟ್ಟಿಯಾದ, ಸಪಾಟಾದ ಜಾಗ ಬೇಕು ಎಂದೂ ಹೇಳಿದರು.

ನಮ್ಮ ಊರಲ್ಲಿ ಅಂಥ ಜಾಗ ಒಂದೇ ಒಂದು. ಕಣ. ನೆಲ ಅಗೆದು, ನೀರು ಹೊಡೆದು, ಎತ್ತು ತುಳಿಸಿ, ಸೆಗಣಿ ಬಳಿದು ಮಾಡಿದ ಕಣ ಕನ್ನಡಿಯಂತೆ ಇರುತ್ತದೆ. ನನ್ನ ಕಣ, ಅದಕ್ಕೆ ಹತ್ತಿಕೊಂಡೇ ನೆರೆಹೊಲದ ಈರಪ್ಪನ ಕಣ. ನಡುವೆ, ತೆನೆ ತುಳಿಯುವ ಹಂತಿಯ ಎತ್ತುಗಳನ್ನು ಕಟ್ಟಿ ಸುತ್ತಿಸುವ ಮೇಟಿಯ ಕಂಬವನ್ನು ಇನ್ನೂ ಕಿತ್ತಿರಲಿಲ್ಲ.

ಆದರೆ ಕಣ ಅಂದರೆ ಲಕ್ಷ್ಮಿ. ಯಾರೂ ಕಾಲ್ಮರಿ, ಚಪ್ಪಲಿ ಹಾಕಿಕೊಂಡು ಕಣ ತುಳಿಯುವುದಿಲ್ಲ. ಅಂಥಲ್ಲಿ ಊರೂರಿನ ಹೊಲಸು ತುಳಿದ ಟೈರು ತರುವುದು ಹೇಗೆ? ಈರಪ್ಪ ಕಟ್ಟೆಯ ಮೇಲೆ ಎಲ್ಲರೆದುರಿಗೆ ನನ್ನನ್ನು ಹಿಡಿದುಕೊಂಡ.

"ಚನಬಸಣ್ಣ, ಎತ್ತು ಸೆಗಣಿ ಹಾಕೂ ಮುಂದ ಕಾಳಿನ ಮ್ಯಾಲೆ ಬೀಳಬಾರದಂತ ಕೈಯಾಗ ಹಿಡೀತೀವಿ. ಇದು ಎಣ್ಣಿ ಸುರಸಿದ್ರ ಯಾರು ಕೈ ಹಿಡೀತೀರಪಾ?"

ಎಲ್ಲರೂ ನಕ್ಕರು. ನನಗೂ ನಗೆ ಬಂತು, ಆದರೆ ಬಿಡಲಿಲ್ಲ. ಎತ್ತಿನ ಗೊರಸು ತೊಳೆದು ಕಣಕ್ಕೆ ಬಿಡುತ್ತೇವೆ, ಇದರ ಗಾಲಿಯನ್ನೂ ತೊಳೆದು ಬಿಡೋಣ ಅಂದೆ. ರಾಶಿ ಎತ್ತಿ ಆಗಿದೆ, ಕಾಳು ಮನೆ ಸೇರಿದೆ, ಉಳಿದದ್ದು ಬರೀ ನೆಲ. ಆ ನೆಲದ ಮೇಲೆ ಒಂದು ಹೆಣ್ಣುಮಗಳು ನಾಲ್ಕು ಬಾಣಂತಿಯರ ಜೀವ ಉಳಿಸುವ ವಿದ್ಯೆ ಕಲಿತರೆ ಲಕ್ಷ್ಮಿ ಸಿಟ್ಟಾಗುತ್ತಾಳೆಯೇ ಎಂದು ಕೇಳಿದೆ. ಈರಪ್ಪನ ಸೊಸೆ ಆಗ ತುಂಬಿದ ಬಸುರಿ. ಅವನು ಸ್ವಲ್ಪ ಹೊತ್ತು ಮೀಸೆ ಎಳೆದುಕೊಂಡ. ಆಮೇಲೆ, ಹಾಗಿದ್ದರೆ ನನ್ನ ಕಣವನ್ನೂ ತಗೊಳ್ಳಿರಿ ಅಂದ.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದರೆ ಆ ದಿನ ಊರಿಗೆ ಊರೇ ಕೆಲಸವಿಲ್ಲದೆ ಖಾಲಿ. ಹವಾಲ್ದಾರರು ರೋಣದಲ್ಲಿ ಬಸ್ಸು ಇಳಿದು ನಡೆದು ಬರುವ ಹೊತ್ತಿಗೆ ಕಣದ ಸುತ್ತ ಜಾತ್ರೆಗಿಂತ ಹೆಚ್ಚು ಜನ ನಿಂತಿದ್ದರು. ಗೌರವ್ವ ಫಟಫಟಿಯ ಗಾಲಿಗಳಿಗೆ ನೀರು ಹೊಡೆದು, ಅರಿಶಿಣ ಕುಂಕುಮ ಹಚ್ಚಿ, ಇಂಜಿನ್ನಿನ ಕೆಳಗೆ ಎಣ್ಣೆ ಹಿಡಿಯಲು ಒಡೆದ ಗಡಿಗೆಯ ಒಂದು ಬೋಕಿಯನ್ನೂ ತಂದು ಇಟ್ಟಿದ್ದಳು. ಹವಾಲ್ದಾರರು ಒಂದು ಮಾತೂ ಕೇಳದೆ ತಮ್ಮ ಮಿಲಿಟರಿ ಬೂಟು ಬಿಚ್ಚಿ ಹೊರಗಿಟ್ಟು, ನೆಲ ಮುಟ್ಟಿ ನಮಸ್ಕಾರ ಮಾಡಿ, ಬರಿಗಾಲಲ್ಲಿ ಕಣಕ್ಕೆ ಬಂದರು. ಆಗಲೇ ನನ್ನ ಮನಸ್ಸು ಅರ್ಧ ಹಗುರಾಯಿತು.

ಮೊದಲು ಅವರು ನೋಡಿದ್ದು ಗಿರಿಜಾಳ ಸೀರೆಯನ್ನು. ನರ್ಸುಗಳು ಉಡುವಂಥ ಬಿಳಿಯ ಸುತ್ತುಸೀರೆ. ಚೈನಿಗೆ ಸಿಕ್ಕರೆ ಕಾಲೇ ಹೋಗುತ್ತದೆ, ಚಣ್ಣ ಅಥವಾ ಪಾಯಜಾಮ ಬೇಕು ಅಂದರು. ಸುತ್ತ ನಿಂತ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಗೌರವ್ವ ಮಾತ್ರ ಮೊಮ್ಮಗಳ ರಟ್ಟೆ ಹಿಡಿದು ಕಣದ ಗುಡಿಸಲಿನೊಳಗೆ ಕರೆದುಕೊಂಡು ಹೋದಳು. ತಾನು ಕಳೆ ತೆಗೆಯುವಾಗ, ಜೋಳ ಕೊಯ್ಯುವಾಗ ಉಡುತ್ತಿದ್ದ ಹಾಗೆ, ಸೀರೆಯನ್ನು ಕಾಲ ನಡುವೆ ಹಾಯಿಸಿ ಹಿಂದೆ ಸಿಗಿಸಿ, ಗಂಡುಗಚ್ಚೆ ಹಾಕಿ ತಂದು ನಿಲ್ಲಿಸಿದಳು. ಹುಬ್ಬಳ್ಳಿಯಲ್ಲಿ ಓದಿದ ಹುಡುಗಿಗೆ ಹಳ್ಳಿಯ ಕಚ್ಚೆ ನಾಚಿಕೆ. ಮುಖ ಕೆಂಪಾಗಿತ್ತು. ಹವಾಲ್ದಾರರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, ಇದಕ್ಕಿಂತ ಪಕ್ಕಾ ಬಂದೋಬಸ್ತು ಮಿಲಿಟರಿಯಲ್ಲೂ ಇರಲಿಲ್ಲ ಅಂದರು.

ಕಲಿಕೆ ಶುರುವಾಯಿತು. ಮೇಟಿಯ ಸುತ್ತ ತಿರುಗು ಅಂದರು. ಅವಳು ತಿರುಗಲು ಹೋಗಿ ನೆಟ್ಟಗೆ ಮೇಟಿಗೇ ಹೋದಳು. ಮತ್ತೆ ಹೋದಳು, ಮತ್ತೆ ಮೇಟಿಗೇ. ಹವಾಲ್ದಾರರು ಹತ್ತಿರ ಹೋಗಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ತಂಗಿ, ಕಣ್ಣು ಎಲ್ಲಿ ಹೋಕ್ಕಾವೋ ಗಾಡಿ ಅಲ್ಲೇ ಹೋಕ್ಕೈತಿ. ಬಡಿದೀತು ಅಂತ ಮೇಟಿ ನೋಡಿದ್ರ ಮೇಟಿಗೇ ಬಡೀತಿ. ನೀ ಮುಟ್ಟಬೇಕಾದ ಜಾಗಾ ನೋಡು."

ಅವರು ತಾವೇ ಕಣದ ಆಚೆ ದಂಡೆಯಲ್ಲಿ ನಿಂತು, ತಮ್ಮ ಮುಖ ನೋಡುತ್ತ ಬಾ ಅಂದರು. ಅವಳು ತಿರುಗುತ್ತಿದ್ದ ಹಾಗೆ ಅವರೂ ದಂಡೆಗುಂಟ ಸರಿಯುತ್ತಿದ್ದರು. ಏನು ಹೇಳಲಿ, ಫಟಫಟಿ ಎತ್ತಿನಂತೆ ಮೇಟಿಯ ಸುತ್ತ ತಿರುಗತೊಡಗಿತು. ಈರಪ್ಪ ಹಂತಿಯ ಪದದ ಧಾಟಿಯಲ್ಲಿ ಹೋ ಹೋ ಎಂದು ಎಳೆದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಿಜಾಳೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನಾನು ಕಂಡೆ.

ಮುಂದೆ ನಿಲ್ಲಿಸುವುದನ್ನು ಕಲಿಸಬೇಕು. ಹವಾಲ್ದಾರರು ಒಲೆಯ ಬೂದಿಯಿಂದ ಒಂದು ಗೆರೆ ಎಳೆದು, ಜೋರಾಗಿ ಬಂದು ಇಲ್ಲಿ ನಿಲ್ಲಬೇಕು ಅಂದರು. ಗಿರಿಜಾ ಈರಪ್ಪನ ಕಣದ ಕೊನೆಯಿಂದ ಬಂದಳು. ಗೆರೆ ಹತ್ತಿರವಾಯಿತು. ನಿಲ್ಲಲಿಲ್ಲ. ಅವಳ ಮುಖದಲ್ಲಿ ಗಾಬರಿ ಕಂಡದ್ದೇ ತಡ, ಸುತ್ತ ನಿಂತ ನಾವೆಲ್ಲ, ನಾನೂ ಸೇರಿ, ಒಂದೇ ದನಿಯಲ್ಲಿ ಕೂಗಿದೆವು. "ಜಗ್ಗವ್ವಾ, ಜಗ್ಗು!"

ಅವಳು ಎರಡೂ ಕೈಯಿಂದ ಎದೆಯ ಕಡೆಗೆ ಜಗ್ಗಿದಳು. ಫಟಫಟಿ ಬೊಬ್ಬೆ ಹೊಡೆದು, ಗೆರೆ ದಾಟಿ, ಜನರನ್ನು ಎರಡು ಭಾಗ ಮಾಡಿ, ಕಣದ ಅಂಚಿನಲ್ಲಿದ್ದ ನನ್ನ ಜೋಳದ ಕಣಕಿಯ ಬಣವೆಗೆ ಹೊಕ್ಕುಬಿಟ್ಟಿತು. ಹಿಂದಿನ ಗಾಲಿಯೊಂದೇ ಹೊರಗೆ ತಿರುಗುತ್ತಿತ್ತು. ನಾವು ಕಣಕಿಯ ಸಿವುಡು ಕಿತ್ತು ಕಿತ್ತು ಒಗೆದು ಅವಳನ್ನು ಹೊರಗೆ ತೆಗೆದೆವು. ಪೆಟ್ಟಾಗಿರಲಿಲ್ಲ. ಆದರೆ ತಲೆಯ ತುಂಬ ಕಣಕಿಯ ಗರಿ ಸಿಕ್ಕಿಕೊಂಡು ನೆಲದ ಮೇಲೆ ಕೂತವಳು ಏಳಲಿಲ್ಲ. ಗುಂಪಿನಲ್ಲಿ ಯಾರೋ, ನರ್ಸಬಾಯಾರು ಮೊದಲು ತಮ್ಮ ಬಾಣಂತನ ಮಾಡಿಕೊಳ್ಳಲಿ ಅಂದರು. ಅವಳು ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ ಅಂದಳು.

"ಅಜ್ಜಾ, ನಾಳಿಗೆ ಚಕ್ಕಡಿ ಹೂಡು. ನನ್ನ ಕೈಲೆ ಆಗೂದಿಲ್ಲ."

ಹೋಗಲಿ ಬಿಡವ್ವಾ ಎಂದು ಹೇಳುವವನೇ ಇದ್ದೆ. ಹವಾಲ್ದಾರರು ಕೈ ಎತ್ತಿ ನನ್ನನ್ನು ತಡೆದರು. ಅವಳ ಎದುರಿಗೆ ತಾವೂ ನೆಲದ ಮೇಲೆ ಕೂತು, ನಿನಗೆ ಎತ್ತು ಹೊಡೆಯಲು ಕಲಿಸಿದವರು ಯಾರು ಎಂದು ಕೇಳಿದರು. ಅವಳು ನನ್ನನ್ನು ತೋರಿಸಿದಳು. ಅವರಿಗೆ ನಗು ತಡೆಯಲಾಗಲಿಲ್ಲ.

"ಭಾಳ ಚಲೋ ಕಲಸ್ಯಾರ. ಅದ ಆಗೇತಿ ನೋಡು ತೊಂದ್ರಿ. ಎತ್ತು ಜಗ್ಗಿದ್ರ ನಿಂದರತೈತಿ. ಇದರ ಬಲಗೈ ಹಿಡಿಕಿ ನಿನ್ನ ಕಡೆ ಜಗ್ಗಿ ಹೊಳ್ಳಿಸಿದ್ರ ಇನ್ನೂ ಜೋರ್ ಓಡತೈತಿ. ಅಂಜಿದಾಗ ನಿನ್ನ ಕೈ ಹಗ್ಗ ಅಂತ ತಿಳಕೊಳ್ಳಾಕ ಹತ್ತೈತಿ. ನೀ ಫಟಫಟಿ ಬಿಡಾಕ ಬರದಾಕಿ ಅಲ್ಲ, ಚಕ್ಕಡಿ ಮರಿಯದಾಕಿ."

ಸುತ್ತ ನಿಂತ ನಾವೆಲ್ಲ ನಮ್ಮ ನಮ್ಮ ಕೈ ನೋಡಿಕೊಂಡೆವು. ಖರೇ ಹೇಳುತ್ತೇನೆ, ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಎಮ್ಮೆಗೆ ಹಾಯ್ದದ್ದೂ, ಬಣವೆಗೆ ಹೊಕ್ಕದ್ದೂ ಎಲ್ಲ ಈ ಜಗ್ಗುವ ಕೈಯಿಂದಲೇ.

ಅಂಜಿದಾಗ ಜಗ್ಗಬಾರದು, ಬೆರಳು ಬಿಚ್ಚಬೇಕು, ಅಂಗೈ ಮುಂದಕ್ಕೆ ತಳ್ಳಬೇಕು, ಬಿಚ್ಚಿದ ಬೆರಳಿನಿಂದ ಬ್ರೇಕು ಹಿಡಿಯಬೇಕು ಎಂದು ಹವಾಲ್ದಾರರು ತೋರಿಸಿದರು. ತಿಳಿಯಿತು, ಆದರೆ ಕೈಗೆ ಬರಬೇಕಲ್ಲ. ನಾಲ್ಕೈದು ಸಲ ಹೋದಳು, ಗೆರೆ ಬಂದ ಕೂಡಲೆ ಮೊಳಕೈ ಹಿಂದೆ ಬರುತ್ತಿತ್ತು. ಆಗ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಗೌರವ್ವ ತನಗೆ ತಾನೇ ಮಾತಾಡಿಕೊಂಡ ಹಾಗೆ ಅಂದಳು. "ರೊಟ್ಟಿ ಬಡ್ಯೂ ಮುಂದ ಯಾರರ ಮುಷ್ಟಿ ಹಿಡೀತಾರೇನು? ಅಂಗೈ ಬಿಚ್ಚಿ ಮುಂದಕ್ಕ ಬಡಿಯವ್ವಾ."

ಗಿರಿಜಾ ತನ್ನ ಬಲಗೈಯನ್ನು ನೋಡಿಕೊಂಡಳು. ಗಾಳಿಯಲ್ಲಿ ಎರಡು ಸಲ ರೊಟ್ಟಿ ಬಡಿದಂತೆ ಮಾಡಿದಳು. ಮತ್ತೆ ಹೋದಳು. ಗೆರೆ ಬಂತು. ಬೆರಳು ಬಿಚ್ಚಿದವು, ಅಂಗೈ ಮುಂದೆ ಹೋಯಿತು, ಫಟಫಟಿಯ ದನಿ ಇಳಿಯಿತು, ಮುಂದಿನ ಗಾಲಿ ಬೂದಿಯ ಗೆರೆಯ ಮೇಲೆ ನಿಂತಿತು. ಹವಾಲ್ದಾರರು ಮತ್ತೊಮ್ಮೆ ಅಂದರು. ಮತ್ತೆ ನಿಂತಿತು. ಆಮೇಲೆ ಅವರು ಹೇಳದೆ ಕೇಳದೆ ಎದುರಿಗೆ ಒಂದು ಗೋಣಿಚೀಲ ಒಗೆದರು. ಅದಕ್ಕೂ ನಿಂತಿತು. ಆಗ ನೋಡಬೇಕಿತ್ತು ಊರಿನವರ ಕೂಗಾಟ.

ಮಧ್ಯಾಹ್ನ ಹವಾಲ್ದಾರರು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಅಗಸಿ ಚಟ್ನಿ ಉಂಡು, ಮಜ್ಜಿಗೆ ಕುಡಿದು, ಮಲಗಿಯಾರು ಅಂದುಕೊಂಡರೆ, ನಾಲ್ಕು ಕೊಡ ನೀರು ತರಿಸಿದರು. ಕಣದ ಪಕ್ಕದ ಎರೆಹೊಲದಲ್ಲಿ ಒಂದು ಪಟ್ಟಿಗೆ ನೀರು ಸುರಿಸಿ ರಾಡಿ ಮಾಡಿಸಿದರು. ಮಳೆಗಾಲದ ವಿದ್ಯೆ ಬೇಸಿಗೆಯಲ್ಲಿ ಕಲಿಯಬೇಕು ಅಂದರು. ರಾಡಿಯಲ್ಲಿ ಬ್ರೇಕು ಮುಟ್ಟಬಾರದು, ಇಂಜಿನ್ನಿನ ದನಿ ಏರಬಾರದು ಇಳಿಯಬಾರದು, ಎರಡೂ ಕಾಲು ಇಳಿಬಿಟ್ಟು ಬಾತುಕೋಳಿಯ ಹಾಗೆ ಹೋಗಬೇಕು. ಗಾಲಿಯ ಮೇಲಿನ ತಗಡಿನೊಳಗೆ ಎರೆಮಣ್ಣು ತುಂಬಿ ಗಾಲಿ ಬಿಗಿದರೆ ಇಳಿದು ಕೋಲಿನಿಂದ ಚುಚ್ಚಿ ತೆಗೆಯಬೇಕು. ಗಿರಿಜಾ ಅಲ್ಲಿಯೂ ಬಿದ್ದಳು. ಈ ಸಲ ಬಿದ್ದು ತಾನೇ ನಗುತ್ತ ಎದ್ದಳು. ಕಚ್ಚೆಯ ಬಿಳಿ ಸೀರೆ ಕರಿ ಸೀರೆಯಾಗಿತ್ತು.

ಹೊತ್ತು ಇಳಿಯುತ್ತಿತ್ತು. ಕೊನೆಯದೊಂದು ಪಾಠ ಉಳಿದಿದೆ ಅಂದರು ಹವಾಲ್ದಾರರು. ಹಿಂದೆ ಭಾರ ಹೊತ್ತು ತಿರುಗುವುದು. ಯಾರಾದರೂ ಹಿಂದೆ ಕೂಡಿರಿ ಅಂದರು. ಇಡೀ ದಿನ ಬುದ್ಧಿ ಹೇಳಿದ ಮಂದಿ ಒಬ್ಬೊಬ್ಬರೇ ಹಿಂದೆ ಸರಿದರು. ಈರಪ್ಪನಿಗೆ ಇದ್ದಕ್ಕಿದ್ದಂತೆ ಎಮ್ಮೆಗೆ ನೀರು ಕುಡಿಸುವುದು ನೆನಪಾಯಿತು. ಉಳಿದವನು ನಾನು.

ಧೋತರ ಎತ್ತಿ ಕಟ್ಟಿ ಕೂತೆ. ಮನಸ್ಸಿನಲ್ಲಿ ಇಟಗಿ ಭೀಮವ್ವನನ್ನು ನೆನೆದೆ. ಮೊದಲ ತಿರುವಿನಲ್ಲೇ ಇಬ್ಬರೂ ನೆಲಕ್ಕೆ ಬಿದ್ದೆವು. ತಪ್ಪು ನನ್ನದೇ. ಚಕ್ಕಡಿ ಒಂದು ಕಡೆ ವಾಲಿದರೆ ನಾವು ಇನ್ನೊಂದು ಕಡೆಗೆ ಮೈ ಭಾರ ಹಾಕುತ್ತೇವೆ, ಇಲ್ಲವಾದರೆ ಮಗುಚುತ್ತದೆ. ನಾನು ಹಾಗೆಯೇ ಮಾಡಿದ್ದೆ. ಹವಾಲ್ದಾರರು ನನ್ನ ಮುಂಡಾಸು ಝಾಡಿಸಿ ಕೈಗೆ ಕೊಟ್ಟು ಹೇಳಿದರು.

"ಅಜ್ಜಾರ, ಇಲ್ಲಿ ನಿಮ್ಮ ಬುದ್ಧಿ ಬ್ಯಾಡ್ರಿ. ಆಕಿ ಯಾಕಡೆ ವಾಲ್ತಾಳೋ ಆಕಡೆ ನೀವೂ ವಾಲ್ರಿ. ಆಕಿನ್ನ ನಂಬ್ರಿ, ಅಷ್ಟ ಸಾಕು."

ಎರಡನೆಯ ಸಲ ಕಣ್ಣು ಮುಚ್ಚಿಕೊಂಡೆ. ಅವಳ ಬೆನ್ನು ಎಡಕ್ಕೆ ಬಾಗಿತು, ನಾನೂ ಬಾಗಿದೆ. ನೆಲ ನನ್ನ ಕಿವಿಯ ಹತ್ತಿರ ಬಂದ ಹಾಗಾಯಿತು, ಆದರೆ ಬೀಳಲಿಲ್ಲ. ಅವಳು ಎದ್ದಳು, ನಾನೂ ಎದ್ದೆ. ನನ್ನ ಕಣದ ಮೇಟಿ ಸುತ್ತಿ, ಈರಪ್ಪನ ಕಣದ ಮೇಟಿ ಸುತ್ತಿ, ಮತ್ತೆ ನನ್ನ ಕಣಕ್ಕೆ. ಕಣ್ಣು ಬಿಟ್ಟೆ. ಗಾಳಿಗೆ ನನ್ನ ಮೀಸೆ ಹಾರುತ್ತಿತ್ತು. ಅರವತ್ತು ಸುಗ್ಗಿ ಕಂಡವನು ನಾನು, ನನ್ನ ಕಣವನ್ನು ಅಷ್ಟು ಚಂದ ಎಂದೂ ಕಂಡಿರಲಿಲ್ಲ.

ಹವಾಲ್ದಾರರು ಸಂಜೆಯ ಬಸ್ಸಿಗೆ ಹೊರಟರು. ಗಿರಿಜಾ ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟು, ಬರ್ಮಾದಲ್ಲಿ ನಾನು ಒಯ್ದ ಕಾಗದಗಳಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ತಂಗಿ, ನೀನು ಒಯ್ಯುವುದು ಏನು ಅಂತ ನನಗೆ ಗೊತ್ತು ಅಂದರು. ಬೂಟು ಹಾಕಿಕೊಂಡು ರೋಣದ ದಾರಿ ಹಿಡಿದರು.

ಮರುದಿನ ಮುಂಜಾನೆ ನಾವಿಬ್ಬರೂ ಹೊರಟೆವು. ಅವಳು ಮುಂದೆ, ನಾನು ಹಿಂದೆ. ರೋಣದ ಪೇಟೆಯಲ್ಲಿ ಮೊದಲು ನಕ್ಕಿದ್ದ ಜನ ಅಂಗಡಿ ಬಿಟ್ಟು ಹೊರಗೆ ಬಂದರು. ದಾರಿಯಲ್ಲಿ ಒಂದು ಕುರಿಹಿಂಡು ಅಡ್ಡ ಬಂತು. ಅವಳ ಬೆರಳು ಬಿಚ್ಚಿದ್ದನ್ನು ನಾನು ಹೆಗಲ ಮೇಲಿಂದ ನೋಡಿದೆ. ಕುರಿ ಕಾಯುವವನು ಬಡಿಗೆ ಕೆಳಗಿಟ್ಟು ಕೈಮುಗಿದ. ಯಾಕೆ ಮುಗಿದನೋ ಅವನಿಗೇ ಗೊತ್ತಿರಲಿಕ್ಕಿಲ್ಲ.

ದವಾಖಾನೆಯ ಮುಂದೆ ಇಳಿದಾಗ ಡಾಕ್ಟರ್ ಸಾಹೇಬರು ಹೊರಗೆ ಬಂದು, ರಸ್ತೆಯ ಆಚೆ ಈಚೆ ನೋಡಿ, ಚಕ್ಕಡಿ ಎಲ್ಲಿ ಎಂದು ಕೇಳಿದರು. ಚಕ್ಕಡಿ ಮನೆಯಲ್ಲಿದೆ ಸಾಹೇಬರೆ, ಎತ್ತು ಮೇಯಲು ಹೋಗಿವೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ನೆಟ್ಟಗಿನ ದಾರಿಯಲ್ಲಿ ಯಾರಾದರೂ ಬರುತ್ತಾರೆ ಅಂದರು. ಆಮೇಲೆ ಏನನ್ನಿಸಿತೋ, ಕೋಟು ತೆಗೆದು ಕಂಪೌಂಡರ ಕೈಗೆ ಕೊಟ್ಟು, ನಡಿ, ಪುರ್ತಗೇರಿಗೆ ಹೋಗಿ ಬರೋಣ ಎಂದು ಹಿಂದೆ ಹತ್ತಿದರು. ಆ ಊರಿನ ಹೆಸರು ಕೇಳಿ ಗಿರಿಜಾಳ ಮುಖ ಬಿಳಿಚಿತು. ಆದರೂ ಕಿಕ್ ಹೊಡೆದಳು.

ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತೆ. ಕಂಪೌಂಡರು ಚಹಾ ತಂದುಕೊಟ್ಟರು, ಅದು ಆರಿಹೋಯಿತು. ದಾರಿ ನೋಡಿ ನೋಡಿ ಕಣ್ಣು ನೋಯಿಸಿಕೊಂಡೆ. ಕೊನೆಗೆ ದೂರದಲ್ಲಿ ಫಟಫಟಿಯ ಸದ್ದು ಕೇಳಿ ಎದ್ದು ನಿಂತೆ.

ಡಾಕ್ಟರು ಇಳಿದರು. ಮೈತುಂಬ ಧೂಳು. ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತರು. ಆಮೇಲೆ ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ನಡೆದದ್ದನ್ನು ಹೇಳಿದರು. ಪುರ್ತಗೇರಿಯ ಊರಬಾಗಿಲ ಅಗಸಿಯಲ್ಲಿ ಗಾಡಿ ನಿಂತಾಗ ಜನ ಕೂಡಿದರಂತೆ. ಆ ಸತ್ತ ಹೆಣ್ಣುಮಗಳ ಅತ್ತೆಯೂ ಬಂದಳಂತೆ. ಆ ಮುದುಕಿ ಫಟಫಟಿಯ ಸುತ್ತ ಒಂದು ಸಲ ಬಂದು, ಬಿಸಿ ಇಂಜಿನ್ನಿಗೆ ಕೈ ತಾಗಿಸಿ ಹಿಂದೆ ಎಳೆದುಕೊಂಡು, ಗಿರಿಜಾಳನ್ನು ಕೇಳಿದಳಂತೆ.

"ಇದರ ಮ್ಯಾಲೆ ಗಡದಿಂದ ಎಷ್ಟೊತ್ತಿಗೆ ಬಂದೀ?"

ಗಿರಿಜಾ ಡಾಕ್ಟರ ಕಡೆ ತಿರುಗಿದಳಂತೆ. ಡಾಕ್ಟರೇ, ಒಂದು ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಬಂದೆವು ಅಂದರಂತೆ. ಮುದುಕಿ ಗಿರಿಜಾಳ ಕಿವಿಯ ಹಿಂದೆ ಸಿಕ್ಕಿದ್ದ ಕೂದಲು ಸರಿಮಾಡಿ, "ಇನ್ನ ಮ್ಯಾಲೆ ಬಾರವ್ವಾ" ಎಂದಷ್ಟೇ ಹೇಳಿ ಒಳಗೆ ಹೋದಳಂತೆ.

ಇದನ್ನು ಹೇಳಿ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಗಿರಿಜಾ ಗಾಡಿಯ ಆಚೆ ನಿಂತು ಪೆಟ್ರೋಲ್ ಟಾಕಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು, ನಮ್ಮ ಕಡೆ ನೋಡಲಿಲ್ಲ. "ಗಾಡಿ ನಿಂದವ್ವಾ" ಅಂದರು ಡಾಕ್ಟರು. ಆಗ ನಾನು ಏನು ಮಾಡಿದೆ ಅಂತ ಹೇಳಲು ನಾಚಿಕೆಯಾಗುತ್ತದೆ. ಮುಂಡಾಸು ತೆಗೆದು ಮುಖಕ್ಕೆ ಒತ್ತಿಕೊಂಡು, ಸಣ್ಣ ಹುಡುಗನ ಹಾಗೆ ಅತ್ತೆ, ಅಳುತ್ತಲೇ ನಕ್ಕೆ. ಕಂಪೌಂಡರು ಗಾಬರಿಯಾಗಿ ನೀರು ತಂದರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಈರಪ್ಪನ ಸೊಸೆಯ ಹೆರಿಗೆಯನ್ನೂ ಗಿರಿಜಾಳೇ ಮಾಡಿಸಿದಳು. ಮಳೆಗಾಲದಲ್ಲಿ ಅವಳು ಮೊಳಕಾಲವರೆಗೆ ಎರೆಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಾಳೆ, ನಿಂತಲ್ಲೇ ಅರ್ಧ ರೊಟ್ಟಿ ತಿನ್ನುತ್ತಾಳೆ, ಹೆಣ್ಣೋ ಗಂಡೋ ಹೇಳುತ್ತಾಳೆ, ಹೊರಡುತ್ತಾಳೆ. ಎಲ್ಲ ಕಡೆಯೂ ಗೆದ್ದೇ ಬರುತ್ತಾಳೆ ಎಂದು ನಾನು ಹೇಳುವುದಿಲ್ಲ, ಅದು ದೇವರ ಕೈಯಲ್ಲಿದೆ. ದಾರಿಯಲ್ಲಿ ತಡವಾಯಿತು ಎಂದು ಮಾತ್ರ ಅವಳು ಮತ್ತೆ ಹೇಳಿಲ್ಲ.

ಹೋದ ತಿಂಗಳು ರೋಣದ ಸಂತೆಯಲ್ಲಿ ಪುರ್ತಗೇರಿಯ ಒಬ್ಬ ಮುದುಕಿ ನನ್ನನ್ನು ಹುಡುಕಿಕೊಂಡು ಬಂದಳು. ಅದೇ ಅತ್ತೆ. ಅವಳ ಸಣ್ಣ ಸೊಸೆಗೆ ಗಂಡು ಕೂಸು ಹುಟ್ಟಿತ್ತು. ನನ್ನ ಅಂಗೈಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ, ಬೆರಳು ಮುಚ್ಚಿ, ಹೇಳಿದಳು.

"ಯಣ್ಣಾ, ಈ ಸಲ ಒಲಿ ಮ್ಯಾಲಿನ ನೀರು ಕಾಯೂಕಿಂತ ಮೊದಲ ಬಂದಿದ್ಲು, ನಿನ್ನ ಮಮ್ಮಗಳು."

ಆ ದಿನ ನಾನು ಸಂತೆಯಲ್ಲಿ ಏನನ್ನೂ ಕೊಳ್ಳಲಿಲ್ಲ. ಸಕ್ಕರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಸವಡಿಯವರೆಗೆ ನಡೆದು ಬಂದು ಗೌರವ್ವನ ಬಾಯಿಗೆ ಹಾಕಿದೆ.